ಸೋಲಾರ್ ಪ್ಯಾನೆಲ್ ಒಂದು, ಬ್ಯಾಟರಿ ಎರಡು: ಹಾಯಿದೋಣಿಯ ಲೆಕ್ಕ ಅಂಗಡಿಗೂ ಆಗುತ್ತೆ

ಹಲಸೂರು: ಹಲಸೂರು ಕೆರೆಯಲ್ಲಿ ಮದ್ರಾಸ್ ಸ್ಯಾಪರ್ಸ್ (ಎಂಇಜಿ) ಸೈನಿಕರು ಹಾಯಿದೋಣಿ ಅಭ್ಯಾಸ ಮಾಡೋದನ್ನು ಈ ಭಾಗದವರು ನೋಡಿಯೇ ಇರುತ್ತಾರೆ. ಆ ಸಣ್ಣ ದೋಣಿಗಳಿಗೆ ಗಾಳಿ ಸಾಕು, ಬ್ಯಾಟರಿ ಬೇಡ. ಸಮುದ್ರಕ್ಕೆ ಹೋಗುವ ದೊಡ್ಡ ಹಾಯಿದೋಣಿಯಲ್ಲಿ ಮಾತ್ರ ಸಾಮಾನ್ಯವಾಗಿ ಎರಡು ಬ್ಯಾಟರಿ ಇರುತ್ತೆ. ಒಂದು ಎಂಜಿನ್ ಸ್ಟಾರ್ಟ್ ಮಾಡಲು, ಇನ್ನೊಂದು ದೀಪ, ರೇಡಿಯೋಗೆ. ರಾತ್ರಿ ದೀಪ ಉರಿದು ಒಂದು ಖಾಲಿಯಾದರೂ ಬೆಳಗ್ಗೆ ಎಂಜಿನ್ ಸ್ಟಾರ್ಟ್ ಆಗಬೇಕಲ್ಲ.

ಶಿವಾಜಿನಗರದ ತಳ್ಳುಗಾಡಿಗೂ, ಕೆ.ಆರ್. ಪುರದ ಅಂಗಡಿಗೂ ಇದೇ ಲೆಕ್ಕ. ದೀಪ, ಫ್ಯಾನ್‌ಗೆ ಒಂದು ಬ್ಯಾಟರಿ. ಬಿಲ್ಲಿಂಗ್ ಮಷಿನ್‌ಗೆ ಇನ್ನೊಂದು.

ಹಳೇದು–ಹೊಸದು ಜೋಡಿಸಬೇಡಿ

ಹಲವರು ಮಾಡುವ ತಪ್ಪು ಇದು: ಹಳೇ ಬ್ಯಾಟರಿಗೆ ಹೊಸದನ್ನು ನೇರ ವೈರ್ ಹಾಕಿ ಕೂಡಿಸಿಬಿಡ್ತಾರೆ. ಸೊರಗಿದ ಬ್ಯಾಟರಿ ಹೊಸದರ ಚಾರ್ಜನ್ನೂ ಎಳೆದುಕೊಂಡು, ಎರಡೂ ಹಾಳಾಗುತ್ತವೆ. ಲೆಡ್ ಬ್ಯಾಟರಿ ಜೊತೆ ಲಿಥಿಯಂ ಸೇರಿಸೋದಂತೂ ಬೇಡವೇ ಬೇಡ. ಒಂದೇ ಕಂಪನಿ, ಒಂದೇ ಸೈಜು, ಒಂದೇ ವಯಸ್ಸಿನವಾದರೆ ಮಾತ್ರ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕೂಡಿಸಬಹುದು. ಆಗ ಕಂಟ್ರೋಲರ್‌ನ ಪ್ಲಸ್ ವೈರ್ ಒಂದು ಬ್ಯಾಟರಿಗೆ, ಮೈನಸ್ ವೈರ್ ಇನ್ನೊಂದಕ್ಕೆ ಕೊಡಿ; ಎರಡೂ ಸಮವಾಗಿ ತುಂಬುತ್ತವೆ.

ಬೇರೆ ಬೇರೆ ಇಡೋದಾದರೆ

ಎರಡು ಬ್ಯಾಟರಿಗೆ ಬೇರೆ ಬೇರೆ ಔಟ್‌ಪುಟ್ ಇರುವ ಚಾರ್ಜ್ ಕಂಟ್ರೋಲರ್ ಸಿಗುತ್ತೆ. ಇಲ್ಲವೇ ವೋಲ್ಟೇಜ್ ನೋಡಿ ಕೂಡುವ ರಿಲೇ ಹಾಕಿಸಿ. ಮೊದಲ ಬ್ಯಾಟರಿ ಸುಮಾರು 13.3 ವೋಲ್ಟ್ ಮುಟ್ಟಿದಾಗ ಅದು ಎರಡನೇದನ್ನು ಸೇರಿಸುತ್ತೆ, 12.8ರ ಆಸುಪಾಸಿಗೆ ಇಳಿದರೆ ಬಿಡಿಸುತ್ತೆ.

ಎಷ್ಟು ಪ್ಯಾನೆಲ್ ಬೇಕು?

ಬೆಂಗಳೂರಿನಲ್ಲಿ ದಿನಕ್ಕೆ ಸರಾಸರಿ 5 ಗಂಟೆ ಒಳ್ಳೆ ಬಿಸಿಲು ಅಂದುಕೊಳ್ಳಿ. 100 ವಾಟ್ ಪ್ಯಾನೆಲ್‌ನಿಂದ ನಷ್ಟ ಕಳೆದು ಸುಮಾರು 375 ವಾಟ್-ಅವರ್ ಕೈಗೆ ಬರುತ್ತೆ. 12 ವೋಲ್ಟ್, 100 ಎಎಚ್ ಲೆಡ್ ಬ್ಯಾಟರಿಯಲ್ಲಿ ಅರ್ಧ ಬಳಸಿದರೆ 600 ವಾಟ್-ಅವರ್. ಅಂಥ ಎರಡಕ್ಕೆ 300 ವಾಟ್‌ಗಿಂತ ಸ್ವಲ್ಪ ಹೆಚ್ಚೇ ಇರಲಿ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ, ಸುಮಾರು 13 ಡಿಗ್ರಿ ವಾಲಿರಲಿ. ಮರದ ಅಥವಾ ಪಕ್ಕದ ಕಟ್ಟಡದ ನೆರಳು ಒಂದು ಮೂಲೆಗೆ ಬಿದ್ದರೂ ಕರೆಂಟ್ ಕುಸಿಯುತ್ತೆ.

ಮರೆಯಬೇಡಿ

ಮೊದಲು ಬ್ಯಾಟರಿಯನ್ನು ಕಂಟ್ರೋಲರ್‌ಗೆ ಕೊಡಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಪ್ಯಾನೆಲ್ ಮೊದಲು. ಪ್ರತಿ ಬ್ಯಾಟರಿಯ ಪ್ಲಸ್ ಹತ್ತಿರವೇ ಫ್ಯೂಸ್ ಇರಲಿ. ಲೆಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬರುತ್ತೆ. ಗಾಳಿ ಆಡುವ ಜಾಗದಲ್ಲಿಡಿ, ಊದುಬತ್ತಿ ಹತ್ತಿರ ಹಚ್ಚಬೇಡಿ.

ಚಾರ್ಜ್ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಮೀಟರ್ ಇಡಿ: 12.7 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ. ಅದಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಬ್ಯಾಟರಿ ಬೇಗ ಸಾಯುತ್ತೆ.