ಎಂಜಿನ್ ಸಿಗದ ಮಾರುತ್

ಪುಣೆಯಲ್ಲಿ ಲೋಹೆಗಾಂವ್ ಕಡೆ ಇರೋರಿಗೆ ಗೊತ್ತು, ಸುಖೋಯ್ ಮೇಲೆದ್ದಾಗ ಆಫೀಸ್ ಕಾಲ್ ಮ್ಯೂಟ್ ಮಾಡಲೇಬೇಕು. ನಾನಂತೂ ಈಗಲೂ ಕಿಟಕಿಗೆ ಓಡ್ತೀನಿ. ಈ ಹುಚ್ಚು ಹಿಡಿದದ್ದು ಶಾಲೆಯ ಪ್ರವಾಸದಲ್ಲಿ. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲಿ ಒಂದು ಚೂಪು ಮೂತಿಯ ಯುದ್ಧವಿಮಾನ ನಿಂತಿತ್ತು. ಎಚ್‌ಎಫ್-24 ಮಾರುತ್. ಇವತ್ತಿನ ಮಾತು ಅದರದ್ದೇ.

1956ರಲ್ಲಿ ಭಾರತ ಸರ್ಕಾರ ಜರ್ಮನಿಯ ಕುರ್ಟ್ ಟ್ಯಾಂಕ್ ಅವರನ್ನು ಕರೆಸಿಕೊಂಡಿತು. ಎರಡನೇ ಮಹಾಯುದ್ಧದ ಫೋಕೆ-ವುಲ್ಫ್ 190 ವಿಮಾನ ವಿನ್ಯಾಸ ಮಾಡಿದವರು ಅವರೇ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಕೆಲಸ ಶುರುವಾಯ್ತು. ಗುರಿ ಮ್ಯಾಕ್ 2, ಅಂದ್ರೆ ಶಬ್ದದ ಎರಡರಷ್ಟು ವೇಗ. ಮೊದಲು ಅದೇ ಅಳತೆಯ ಮರದ ಗ್ಲೈಡರ್ ಮಾಡಿ ಹಾರಿಸಿ ನೋಡಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ಮಾರುತ್‌ನ ಮೊದಲ ಹಾರಾಟ ನಡೆಸಿದರು.

ಆದರೆ ನಂಬಿಕೊಂಡಿದ್ದ ಎಂಜಿನ್ ಬರಲೇ ಇಲ್ಲ. ಬ್ರಿಟನ್ನಿನ ಬ್ರಿಸ್ಟಲ್ ಕಂಪನಿಯ ಆರ್ಫಿಯಸ್ 12 ಯೋಜನೆಗೆ ದುಡ್ಡು ನಿಂತುಹೋಯ್ತು. ಉಳಿದ ಖರ್ಚು ಕೊಡೋಕೆ ನಮ್ಮ ಸರ್ಕಾರವೂ ಒಪ್ಪಲಿಲ್ಲ. ಕೊನೆಗೆ ಕಡಿಮೆ ಶಕ್ತಿಯ ಎರಡು ಆರ್ಫಿಯಸ್ 703 ಕೂರಿಸಿದರು. ಮ್ಯಾಕ್ 2ಕ್ಕೆ ಕೆತ್ತಿದ ಮೈ ಮ್ಯಾಕ್ 1ರ ಆಸುಪಾಸಿನಲ್ಲೇ ನಿಂತುಬಿಡ್ತು.

ಹಾಗಂತ ಕೈಕಟ್ಟಿ ಕೂರಲಿಲ್ಲ. ಎಂಜಿನ್ನಿನ ಹಿಂಭಾಗದಲ್ಲಿ ಮತ್ತೆ ಇಂಧನ ಉರಿಸಿ ಶಕ್ತಿ ಹೆಚ್ಚಿಸೋ 'ರೀಹೀಟ್' ವ್ಯವಸ್ಥೆಯನ್ನು ಇಲ್ಲೇ ಪ್ರಯತ್ನಿಸಿದರು. 1970ರ ಜನವರಿ 10ರಂದು ಅಂಥದ್ದೊಂದು ಮಾರುತ್ ಬೆಂಗಳೂರಿನಲ್ಲಿ ಟೇಕಾಫ್ ಆಗುವಾಗಲೇ ಅಪಘಾತಕ್ಕೀಡಾಯಿತು. ಒಳಗಿದ್ದವರು ಅದೇ ಸುರಂಜನ್ ದಾಸ್. ಬದುಕಿ ಉಳಿಯಲಿಲ್ಲ.

ಮಾರನೇ ವರ್ಷವೇ, 1971ರ ಯುದ್ಧದಲ್ಲಿ, ಮಾರುತ್‌ಗಳು ರಾಜಸ್ಥಾನದ ಗಡಿಯಲ್ಲಿ ನೆಲಕ್ಕೆ ಹತ್ತಿರವಾಗಿ ಹಾರಿ ದಾಳಿ ಮಾಡಿದವು. ಗುಂಡೇಟಿಗೆ ಒಂದು ಎಂಜಿನ್ ಹೋದರೂ ಇನ್ನೊಂದರಲ್ಲೇ ವಾಪಸ್ ಬಂದದ್ದುಂಟು. ಹಾಗಾಗಿ 'ಫೇಲ್ಯೂರ್' ಅನ್ನೋ ಒಂದೇ ಪದದಲ್ಲಿ ಇದನ್ನು ಮುಗಿಸೋದು ನನಗೆ ಒಪ್ಪಿಗೆಯಿಲ್ಲ. ಹೊರಗಿನವರ ಒಂದು ಲೈಬ್ರರಿ ನಂಬಿ ಇಡೀ ಸಾಫ್ಟ್‌ವೇರ್ ಕಟ್ಟಿದ ಮೇಲೆ, ಅವರು ಅದನ್ನು ಅರ್ಧಕ್ಕೇ ಕೈಬಿಟ್ಟರೆ ಏನಾಗುತ್ತೆ ಅಂತ ನಮ್ಮ ಕಸುಬಿನೋರಿಗೆ ಚೆನ್ನಾಗಿ ಗೊತ್ತು. ತಪ್ಪು ವಿನ್ಯಾಸದ್ದಲ್ಲ, ಆಧಾರದ್ದು. 2001ರಲ್ಲಿ ಅದೇ ಬೆಂಗಳೂರಿನಲ್ಲಿ ಹಾರಿದ ತೇಜಸ್‌ಗೂ ಎಂಜಿನ್ ಅಮೆರಿಕದ್ದೇ.

ಮುಂದಿನ ಸಲ ಬೆಂಗಳೂರಿಗೆ ಹೋದಾಗ, ಹಳೇ ಏರ್‌ಪೋರ್ಟ್ ಹತ್ತಿರದ ಸುರಂಜನ್ ದಾಸ್ ರಸ್ತೆಯ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕ್ಕೊಂಡ್ರೆ, ಆ ಹೆಸರು ಯಾರದ್ದು ಅಂತ ಪಕ್ಕದಲ್ಲಿ ಕೂತೋರಿಗೆ ಹೇಳಿ.