ರಾಜೀನಾಮೆಯೂ ಬಾಕಿಯೂ

ರಾಜೀನಾಮೆಯೆಂಬ ಮಾತು ಪಾರಸಿಯಿಂದ ಕನ್ನಡಕ್ಕೆ ಬಂದು ಬಹುಕಾಲವಾಯಿತು. ಒಪ್ಪಿಗೆಯ ಪತ್ರವೆಂಬುದೇ ಅದರ ಮೂಲಾರ್ಥ. ಮೈಸೂರು ಸೀಮೆಯಲ್ಲಿಯೂ, ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿಯೂ, ಜಮೀನನ್ನು ಬಿಟ್ಟುಕೊಡುವ ರೈತನು ಸರ್ಕಾರಕ್ಕೆ ಬರೆದುಕೊಡುತ್ತಿದ್ದ ಕಾಗದಕ್ಕೆ ಈ ಹೆಸರೇ ಇದ್ದಿತು. ಅಂಥ ಕಾಗದವನ್ನು ಕೊಟ್ಟವನಿಗೆ ಮುಂದಿನ ವರ್ಷಗಳ ಕಂದಾಯವು ತಪ್ಪುತ್ತಿದ್ದಿತೇ ಹೊರತು ಹಿಂದಿನ ಬಾಕಿಯು ತಪ್ಪುತ್ತಿರಲಿಲ್ಲ. ಕಾಲಕ್ರಮದಲ್ಲಿ ಈ ಮಾತು ಹೊಲಗದ್ದೆಗಳನ್ನು ಬಿಟ್ಟು ಅಧಿಕಾರಸ್ಥಾನಗಳನ್ನು ಸೇರಿತು. ಆದರೆ ಬಾಕಿಯ ವಿಚಾರವು ಮಾತ್ರ ಹೊಲದ ಬದುವಿನಲ್ಲಿಯೇ ಉಳಿದುಹೋದಂತೆ ತೋರುತ್ತದೆ.

ಸಾರ್ವಜನಿಕ ಜೀವನದಲ್ಲಿ ರಾಜೀನಾಮೆಗೆ ಎರಡು ಮುಖಗಳುಂಟು. 1956ನೆಯ ಇಸವಿಯ ನವೆಂಬರಿನಲ್ಲಿ ಅರಿಯಲೂರಿನ ಬಳಿ ರೈಲು ಅಪಘಾತವಾಗಿ ನೂರಕ್ಕೂ ಹೆಚ್ಚು ಜನರು ಮಡಿದಾಗ, ಆ ಖಾತೆಯ ಮಂತ್ರಿಗಳಾಗಿದ್ದ ಲಾಲ್ ಬಹದ್ದೂರ್ ಶಾಸ್ತ್ರಿಗಳು ಪದವಿಯನ್ನು ತ್ಯಜಿಸಿದರು. ತಮ್ಮ ಕೈಯಿಂದ ನಡೆಯದ ತಪ್ಪಿಗೂ ತಾವು ಹೊಣೆಯೆಂದು ಸಾರುವ ರಾಜೀನಾಮೆ ಅದು. ತನ್ನ ಕೈಯಿಂದಲೇ ನಡೆಯಿತೆಂದು ಜನರು ಹೇಳುವ ತಪ್ಪಿಗೆ ಉತ್ತರ ಕೊಡಬೇಕಾದ ಗಳಿಗೆಯಲ್ಲಿ ಬಾಗಿಲು ತೆರೆದು ಹೊರಟುಹೋಗುವ ರಾಜೀನಾಮೆ ಇನ್ನೊಂದು. ಕಾಗದವು ಒಂದೇ, ಒಕ್ಕಣೆಯೂ ಹೆಚ್ಚುಕಡಮೆ ಒಂದೇ. ಅರ್ಥ ಮಾತ್ರ ಬೇರೆ. ಈ ಎರಡನೆಯ ಬಗೆಯ ರಾಜೀನಾಮೆ ಬಂದಾಗ ಶಾಸನಸಭೆಯ ಕರ್ತವ್ಯವೇನು? ಹೋದವನು ಹೋದನೆಂದು ಕಡತವನ್ನು ಕಟ್ಟಿಡತಕ್ಕದ್ದೋ, ವಿಚಾರಣೆಯನ್ನು ತುದಿಮುಟ್ಟಿಸತಕ್ಕದ್ದೋ? ಈ ಪ್ರಶ್ನೆಗೆ 1910ನೆಯ ಇಸವಿಯಲ್ಲಿ ಅಮೆರಿಕಾ ದೇಶದ ನ್ಯೂಯಾರ್ಕ್ ಸಂಸ್ಥಾನದ ಸೆನೆಟ್ ಸಭೆಯು ಕೊಟ್ಟ ಉತ್ತರವು ಇಂದಿಗೂ ಮನನಯೋಗ್ಯವಾಗಿದೆ.

ಜೋಥಮ್ ಪವರ್ಸ್ ಆಲ್ಡ್ಸ್ ಎಂಬಾತನು 1865ರಲ್ಲಿ ನ್ಯೂಹ್ಯಾಂಪ್‌ಷೈರ್ ಸಂಸ್ಥಾನದ ಕ್ಲೇರ್‌ಮಾಂಟ್ ಎಂಬ ಊರಿನಲ್ಲಿ ಹುಟ್ಟಿದನು. ನ್ಯೂಯಾರ್ಕ್ ಸಂಸ್ಥಾನದ ಷೆನ್ಯಾಂಗೋ ಪ್ರಾಂತಕ್ಕೆ ಸೇರಿದ ನಾರ್ವಿಚ್ ಪಟ್ಟಣವು ಅವನ ಕಾರ್ಯಕ್ಷೇತ್ರವಾಯಿತು. ವೃತ್ತಿಯಿಂದ ನ್ಯಾಯವಾದಿ, ಪಕ್ಷದಿಂದ ರಿಪಬ್ಲಿಕನ್. 1896ರಲ್ಲಿ ಸಂಸ್ಥಾನದ ಅಸೆಂಬ್ಲಿಯೆಂಬ ಕೆಳಮನೆಯನ್ನು ಪ್ರವೇಶಿಸಿದ ಈತನು ಏಳು ವರ್ಷಗಳ ಕಾಲ ಬಿಡದೆ ಅಲ್ಲಿ ಕುಳಿತನು. ಮೂರು ನಾಲ್ಕು ವರ್ಷಗಳೊಳಗೆ ಬಹುಮತ ಪಕ್ಷದ ನಾಯಕನೂ ಆದನು. 1903ರಲ್ಲಿ ಸೆನೆಟ್ ಎಂಬ ಮೇಲ್ಮನೆಗೆ ಹೋದನು. ಹಂತಹಂತವಾಗಿ, ಸದ್ದಿಲ್ಲದೆ, ಕೆಲಸಬಲ್ಲವನೆಂಬ ಹೆಸರಿನೊಡನೆ ಮೇಲೇರಿದ ಮನುಷ್ಯನೀತ.

ಅಂಥ ನಾಯಕನ ಶಕ್ತಿಯು ಭಾಷಣದಲ್ಲಿರಲಿಲ್ಲ. ಅಧಿವೇಶನದ ಕಡೆಯ ದಿನಗಳಲ್ಲಿ ನೂರಾರು ಮಸೂದೆಗಳು ಒಟ್ಟಾಗಿ ಬಂದು ಬೀಳುವವು. ಆಗ ಯಾವುದು ಸಭೆಯ ಮುಂದೆ ಬರಬೇಕು, ಯಾವುದು ಉಪಸಮಿತಿಯ ಪೆಟ್ಟಿಗೆಯಲ್ಲಿಯೇ ಉಸಿರು ಬಿಡಬೇಕು ಎಂಬುದನ್ನು ನಿರ್ಣಯಿಸುತ್ತಿದ್ದವರು ಸ್ಪೀಕರನೂ ಅವನ ಹತ್ತಿರದ ಕೆಲವರೂ ಮಾತ್ರ. ಮಸೂದೆಯನ್ನು ಸೋಲಿಸುವುದಕ್ಕೆ ವಾದ ಬೇಡ, ಮತ ಬೇಡ, ಸುಮ್ಮನಿದ್ದರೆ ಸಾಕು. ಒಳ್ಳೆಯದನ್ನು ಮಾಡಿಸಿಕೊಳ್ಳುವುದಕ್ಕಿಂತ ಕೆಟ್ಟದ್ದನ್ನು ತಪ್ಪಿಸಿಕೊಳ್ಳುವುದಕ್ಕೆ ವ್ಯಾಪಾರಸ್ಥರು ಹೆಚ್ಚು ಹಣ ಕೊಡುವರೆಂಬುದು ಎಲ್ಲ ದೇಶಗಳಲ್ಲಿಯೂ ಕಂಡುಬರುವ ಸಂಗತಿ. ಸುಮ್ಮನಿರುವಿಕೆಯನ್ನೇ ಮಾರುವ ಸಂತೆ ಹುಟ್ಟುವುದು ಹೀಗೆ. ಅಲ್ಲಿ ನಡೆದ ವ್ಯಾಪಾರಕ್ಕೆ ಗುರುತು ಉಳಿಯುವುದೂ ಕಷ್ಟ. ಏಕೆಂದರೆ ಆಗದ ಕೆಲಸಕ್ಕೆ ದಾಖಲೆಯಿರುವುದಿಲ್ಲ.

1905ರಲ್ಲಿ ಅದೇ ಸಂಸ್ಥಾನದಲ್ಲಿ ಜೀವವಿಮಾ ಕಂಪನಿಗಳ ವ್ಯವಹಾರವನ್ನು ಶಾಸನಸಭೆಯ ಸಮಿತಿಯೊಂದು ಶೋಧಿಸಿತು. ಪಾಲಿಸಿದಾರರ ಹಣವು ರಾಜಕೀಯ ಪಕ್ಷಗಳ ಚೀಲಕ್ಕೆ ಹೋಗಿದ್ದುದು ಆಗ ಬಯಲಾಯಿತು. ಆ ಸಮಿತಿಯ ಪರವಾಗಿ ಸಾಕ್ಷಿಗಳನ್ನು ಪ್ರಶ್ನಿಸಿ ಖ್ಯಾತಿಗೊಂಡ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಎಂಬ ನ್ಯಾಯವಾದಿಯು 1907ರಲ್ಲಿ ಸಂಸ್ಥಾನದ ಗವರ್ನರನಾದನು. ಆತನೂ ರಿಪಬ್ಲಿಕನ್ ಪಕ್ಷದವನೇ. ಆದರೆ ಪಕ್ಷದ ಹಳೆಯ ಯಜಮಾನರಿಗೂ ಆತನಿಗೂ ಹೊಂದಿಕೆಯಾಗಲಿಲ್ಲ. 1909ರ ಡಿಸೆಂಬರಿನಲ್ಲಿ ಸೆನೆಟ್ಟಿನ ನಾಯಕನಾಗಿದ್ದ ಜಾನ್ ರೇನ್ಸ್ ತೀರಿಕೊಂಡಾಗ, ಹಳೆಯ ಪಂಗಡದವರು ಆ ಸ್ಥಾನಕ್ಕೆ ಆಲ್ಡ್ಸನನ್ನು ಆರಿಸಿದರು. ಸ್ವಪಕ್ಷದ ಕೆಲವು ಮಂದಿ ಸೆನೆಟರುಗಳು ಅವನಿಗೆ ಮತ ಕೊಡಲು ಒಪ್ಪಲಿಲ್ಲ. ಅವರಲ್ಲೊಬ್ಬನು ಗ್ರಾಟನ್ ಎಂಬ ಊರಿನ ಬೆನ್ ಕಾಂಗರ್.

ಒಪ್ಪದಿರುವುದಕ್ಕೆ ಕಾರಣವೇನೆಂಬುದು 1910ರ ಜನವರಿಯಲ್ಲಿ ನ್ಯೂಯಾರ್ಕಿನ ವರ್ತಮಾನಪತ್ರದ ಮೂಲಕ ಹೊರಬಿದ್ದಿತು. ಕಾಂಗರನು ಸೇತುವೆ ಕಟ್ಟುವ ಉದ್ಯಮಕ್ಕೆ ಸೇರಿದವನು. ಊರೂರಿನ ರಸ್ತೆ ಅಧಿಕಾರಿಗಳಿಂದ ಕಬ್ಬಿಣದ ಸೇತುವೆಗಳ ಗುತ್ತಿಗೆ ಪಡೆಯುವುದು ಆ ಉದ್ಯಮದ ಜೀವಾಳ. ಅಂಥ ವೆಚ್ಚಕ್ಕೆ ಕಡಿವಾಣ ಹಾಕುವ ಮಸೂದೆಯೊಂದು 1901ರಲ್ಲಿ ಅಸೆಂಬ್ಲಿಯ ಮುಂದಿದ್ದಿತು. ಅದನ್ನು ಮಲಗಿಸಿಬಿಡುವುದಕ್ಕಾಗಿ ಆಲ್ಡ್ಸನು 1,000 ಡಾಲರುಗಳನ್ನು ಕೇಳಿ ಪಡೆದನೆಂಬುದೇ ಕಾಂಗರನ ಆರೋಪ. ಆಲ್ಡ್ಸನು ಅದನ್ನು ಪೂರ್ತಿಯಾಗಿ ನಿರಾಕರಿಸಿದನು.

ಸೆನೆಟ್ ಸಭೆಯು ತಾನೇ ನ್ಯಾಯಸ್ಥಾನವಾಗಿ ಕುಳಿತು ಬಹಿರಂಗವಾಗಿ ವಿಚಾರಣೆ ನಡೆಸಿತು. ಎರಡು ಪಕ್ಷಕ್ಕೂ ವಕೀಲರಿದ್ದರು; ಸಾಕ್ಷಿಗಳು ಪ್ರಮಾಣ ಮಾಡಿ ನುಡಿದರು. ಹೈರಮ್ ಮೋ ಎಂಬ ಸೇತುವೆ ವ್ಯಾಪಾರದ ಮನುಷ್ಯನು ಹೇಳಿದ ಮಾತು ಎಲ್ಲರನ್ನೂ ಬೆರಗುಗೊಳಿಸಿತು. 1901ರ ಏಪ್ರಿಲಿನಲ್ಲಿ ತಾನು ಮೂರು ಲಕೋಟೆಗಳನ್ನು ಆಲ್ಬನಿ ನಗರಕ್ಕೆ ಒಯ್ದು ಕೊಟ್ಟನೆಂದೂ, ಸ್ಪೀಕರ್ ನಿಕ್ಸನನಿಗೂ, ಬರ್ನೆಟ್ ಎಂಬ ಸದಸ್ಯನಿಗೂ, ಆಲ್ಡ್ಸನಿಗೂ ಅವುಗಳಲ್ಲಿ ಹಣವು ಹಂಚಿಕೆಯಾಗಿದ್ದಿತೆಂದೂ ಅವನು ಹೇಳಿದನು. ನಿಕ್ಸನನೂ ಬರ್ನೆಟ್ಟನೂ ಅಷ್ಟರಲ್ಲಿ ಮೃತರಾಗಿದ್ದರು. ಮೂವರಲ್ಲಿ ಉತ್ತರ ಹೇಳಲು ಉಳಿದಿದ್ದವನು ಆಲ್ಡ್ಸನೊಬ್ಬನೇ. ತೀರಿಹೋದವರಿಗೆ ತಮ್ಮ ಪರವಾಗಿ ನುಡಿಯುವ ಅವಕಾಶವೇ ಇರಲಿಲ್ಲವೆಂಬುದನ್ನು ಇಲ್ಲಿ ನೆನೆಯುವುದು ನ್ಯಾಯ.

ಆರೋಪ ಮಾಡಿದವನ ನಡತೆಯೂ ನಿರ್ಮಲವೆನ್ನುವಂತಿರಲಿಲ್ಲ. ಲಂಚ ತೆಗೆದುಕೊಂಡವನು ದೋಷಿಯಾದರೆ ಕೊಟ್ಟವನೇನು ಸಾಧುವೇ? ತನ್ನ ಉದ್ಯಮದ ಹಣದಿಂದಲೇ ಶಾಸನಸಭೆಯು ಕೆಟ್ಟಿತೆಂದು ಒಂಬತ್ತು ವರ್ಷ ಬಲ್ಲವನಾಗಿದ್ದೂ ಬಾಯಿ ಮುಚ್ಚಿಕೊಂಡಿದ್ದವನು, ಎದುರು ಪಂಗಡದವನು ನಾಯಕನಾದ ಮೇಲೆ ಬಾಯಿ ತೆರೆದನು. ಆಲ್ಡ್ಸನ ಕಡೆಯವರು ಹಿಡಿದ ವಾದದ ಬಲವೂ ಇಲ್ಲಿಯೇ ಇದ್ದಿತು. ಆದರೆ ಹೇಳಿದವನ ಉದ್ದೇಶವು ಕೆಟ್ಟದ್ದಾದ ಮಾತ್ರಕ್ಕೆ ಹೇಳಿದ ಸಂಗತಿ ಸುಳ್ಳಾಗುವುದಿಲ್ಲ. ಇಂಥ ವ್ಯವಹಾರಗಳನ್ನು ಕಂಡವರು ಅದರಲ್ಲಿ ಪಾಲುಗೊಂಡವರೇ ಆಗಿರುವರು. ಅವರಲ್ಲಿ ಯಾರೋ ಒಬ್ಬರು ಜಗಳವಾಡುವವರೆಗೆ ಲೋಕಕ್ಕೆ ತಿಳಿಯುವುದಿಲ್ಲ. ಕಾಂಗರನೂ ಆ ವರ್ಷದ ಏಪ್ರಿಲಿನಲ್ಲಿ ಸ್ಥಾನವನ್ನು ಬಿಟ್ಟು ಹೋದನು.

ಮಾರ್ಚಿ 29ರಂದು ಸೆನೆಟ್ ತನ್ನ ನಿರ್ಣಯವನ್ನು ಹೇಳಬೇಕಾಗಿದ್ದಿತು. ಮತಗಳನ್ನು ಕೂಗುವುದಕ್ಕೆ ಸ್ವಲ್ಪ ಮುಂಚೆ ಆಲ್ಡ್ಸನ ರಾಜೀನಾಮೆ ಬಂದು ತಲಪಿತು. ಸದಸ್ಯನನ್ನು ಹೊರಹಾಕುವ ಅಧಿಕಾರ ಸಭೆಗುಂಟು. ಆದರೆ ತಾನಾಗಿ ಹೊರಗೆ ಹೋದವನನ್ನು ಹೊರಹಾಕುವುದೆಂತು? ಪತ್ರವನ್ನು ದಾಖಲೆಗೆ ಸೇರಿಸಿ ಎದ್ದುಹೋಗಿದ್ದರೆ ಬಹುಮಂದಿಗೆ ಹಿತವಾಗುತ್ತಿದ್ದಿತು. ಪಕ್ಷದ ಮಾನ ಉಳಿಯುತ್ತಿದ್ದಿತು. ಹಳೆಯ ಸ್ನೇಹಗಳು ಉಳಿಯುತ್ತಿದ್ದವು. ಮುಂದೆ ಯಾರ ಹೆಸರು ಹೊರಬರುವುದೋ ಎಂಬ ಭಯವೂ ಅಡಗುತ್ತಿದ್ದಿತು. ಸೆನೆಟ್ ಹಾಗೆ ಮಾಡಲಿಲ್ಲ. ಸದಸ್ಯತ್ವವು ಹೋದರೂ ಆರೋಪವು ಸಭೆಯ ಮುಂದೆ ಉಳಿದಿದೆಯೆಂದು ಭಾವಿಸಿ ಮತ ತೆಗೆದುಕೊಂಡಿತು. ಆರೋಪವು ಸ್ಥಿರಪಟ್ಟಿತೆಂದು 40 ಮಂದಿಯೂ, ಇಲ್ಲವೆಂದು 9 ಮಂದಿಯೂ ಹೇಳಿದರು. ರಿಪಬ್ಲಿಕನ್ ಪಕ್ಷಕ್ಕೇ ಬಹುಮತವಿದ್ದ ಆ ಸಭೆಯಲ್ಲಿ 40 ಮತಗಳು ಕೂಡಬೇಕಾದರೆ ಸ್ವಪಕ್ಷದವರೇ ಹಲವರು ತಮ್ಮ ನಾಯಕನ ವಿರುದ್ಧ ನುಡಿದಿರಬೇಕೆಂಬುದು ಸ್ಪಷ್ಟ.

ಈ ನಿರ್ಣಯದಿಂದ ಆಲ್ಡ್ಸನಿಗೆ ಸೆರೆಯಾಗಲಿಲ್ಲ, ದಂಡವಾಗಲಿಲ್ಲ; ಹೋಗಬೇಕಾದ ಸ್ಥಾನವಂತೂ ಮೊದಲೇ ಹೋಗಿದ್ದಿತು. ಹಾಗಾದರೆ ಮತದಾನದ ಫಲವೇನು? ಅದು ಸಭೆಯು ತನ್ನ ವಿಷಯವಾಗಿಯೇ ಹೇಳಿಕೊಂಡ ಮಾತು. ರಾಜೀನಾಮೆಯನ್ನು ಸ್ವೀಕರಿಸಿ ಮೌನವಾಗಿದ್ದರೆ, ನಿರಪರಾಧಿಯೊಬ್ಬನು ಮನನೊಂದು ಹೊರಟನೆಂದು ಕೆಲವರೂ, ಎಲ್ಲರೂ ಅಂಥವರೇ ಆದ್ದರಿಂದ ಮುಚ್ಚಿಹಾಕಿದರೆಂದು ಮಿಕ್ಕವರೂ ಹೇಳುತ್ತಿದ್ದರು. ಎರಡಕ್ಕೂ ಎಡೆಗೊಡದೆ ಸಭೆಯು ತನ್ನ ಕಡತದಲ್ಲಿ ಸತ್ಯವೆಂದು ಕಂಡದ್ದನ್ನು ಬರೆದಿಟ್ಟಿತು. ಆದರೂ ಜನರ ಕೋಪವು ಪಕ್ಷವನ್ನು ಬಿಡಲಿಲ್ಲ. ಆ ವರ್ಷದ ನವೆಂಬರಿನ ಚುನಾವಣೆಯಲ್ಲಿ ಗವರ್ನರನ ಸ್ಥಾನವೂ ಎರಡು ಸಭೆಗಳೂ ಡೆಮೊಕ್ರಾಟಿಕ್ ಪಕ್ಷದ ಪಾಲಾದವು. ಆಗ ಮೊದಲ ಬಾರಿಗೆ ಸೆನೆಟ್ ಪ್ರವೇಶಿಸಿದ ತರುಣರಲ್ಲಿ ಮುಂದೆ ರಾಷ್ಟ್ರಾಧ್ಯಕ್ಷನಾದ ಫ್ರಾಂಕ್ಲಿನ್ ರೂಸ್ವೆಲ್ಟನೂ ಒಬ್ಬನು.

ನ್ಯೂಯಾರ್ಕಿನ ಈ ಪ್ರಶ್ನೆಯೇ ನಾಲ್ವತ್ತೊಂದು ವರ್ಷಗಳ ತರುವಾಯ ಭಾರತದ ಪಾರ್ಲಿಮೆಂಟಿನ ಮುಂದೆ ಬಂದು ನಿಂತಿತು. ಆಗಿನ್ನೂ ಮೊದಲ ಸಾರ್ವತ್ರಿಕ ಚುನಾವಣೆ ನಡೆದಿರಲಿಲ್ಲ. ತಾತ್ಕಾಲಿಕ ಪಾರ್ಲಿಮೆಂಟು ಕೆಲಸ ಮಾಡುತ್ತಿದ್ದಿತು. ಅದರಲ್ಲಿ ಮುಂಬಯಿಯ ಪ್ರತಿನಿಧಿಯಾಗಿದ್ದವರು ಹುಚ್ಚೇಶ್ವರ ಗುರುಸಿದ್ಧ ಮುದ್ಗಲ್ ಎಂಬವರು. ಹೆಸರೇ ಕನ್ನಡನಾಡಿನ ಉತ್ತರ ಸೀಮೆಯನ್ನು ನೆನಪಿಗೆ ತರುವಂಥದು. ಮುಂಬಯಿಯ ಚಿನ್ನಬೆಳ್ಳಿ ವರ್ತಕರ ಸಂಘವಾದ ಬುಲಿಯನ್ ಅಸೋಸಿಯೇಷನ್ನಿನಿಂದ ಹಣ ಪಡೆದು, ಅವರಿಗೆ ಬೇಕಾದ ಪ್ರಶ್ನೆಗಳನ್ನೂ ತಿದ್ದುಪಡಿಗಳನ್ನೂ ಸಭೆಯಲ್ಲಿ ತಂದರೆಂಬುದು ಅವರ ಮೇಲಿನ ಆರೋಪ. ಮುದ್ಗಲ್ ಅವರು ಆಳುವ ಕಾಂಗ್ರೆಸ್ ಪಕ್ಷಕ್ಕೇ ಸೇರಿದವರು. ಹಾಗಿದ್ದರೂ 1951ರ ಜೂನ್ 8ರಂದು ಪ್ರಧಾನಮಂತ್ರಿ ಜವಾಹರಲಾಲ್ ನೆಹರೂರವರೇ ವಿಚಾರಣಾ ಸಮಿತಿಯ ಸೂಚನೆಯನ್ನು ಮಂಡಿಸಿದರು. ಟಿ. ಟಿ. ಕೃಷ್ಣಮಾಚಾರ್ಯರ ಅಧ್ಯಕ್ಷತೆಯಲ್ಲಿ ಐವರು ಸದಸ್ಯರು ಸಾಕ್ಷ್ಯವನ್ನು ಪರಿಶೀಲಿಸಿದರು. ಅವರಲ್ಲಿ ದುರ್ಗಾಬಾಯಿಯವರೂ ಪ್ರೊಫೆಸರ್ ಕೆ. ಟಿ. ಶಾರವರೂ ಇದ್ದರು. ಕೈಸೇರಿದ್ದ ಮೊತ್ತವು 2,700 ರೂಪಾಯಿಗಳು. ಮೊತ್ತವು ಸಣ್ಣದೆಂದು ಸಮಿತಿಯು ಕಣ್ಮುಚ್ಚಲಿಲ್ಲ. ಈ ನಡತೆಯು ಸಭೆಯ ಗೌರವಕ್ಕೆ ಕುಂದು ತರುವಂಥದೆಂದು ನಿರ್ಣಯಿಸಿತು.

ಸೆಪ್ಟೆಂಬರ್ 24ರಂದು ನೆಹರೂರವರು ಉಚ್ಚಾಟನೆಯ ಸೂಚನೆಯನ್ನು ತಂದರು. ಮುದ್ಗಲ್ ಅವರು ತಮ್ಮ ಸಮರ್ಥನೆಯನ್ನು ಹೇಳಿ, ರಾಜೀನಾಮೆ ಕೊಟ್ಟು, ಸಭೆಯಿಂದ ಹೊರನಡೆದರು. ಆಲ್ಬನಿಯಲ್ಲಿ ಎದ್ದ ತೊಡಕೇ ದಿಲ್ಲಿಯಲ್ಲಿಯೂ ಎದ್ದಿತು. ಪಾರ್ಲಿಮೆಂಟು ತೋರಿದ ದಾರಿಯೂ ಅದೇ. ಮರುದಿನ ಸೂಚನೆಯನ್ನು ತಿದ್ದಿ, ಈ ಸದಸ್ಯರು ಉಚ್ಚಾಟನೆಗೆ ಅರ್ಹರಾಗಿದ್ದರೆಂದೂ, ರಾಜೀನಾಮೆ ಪತ್ರದ ಒಕ್ಕಣೆಯು ಸಭೆಗೆ ಅಪಮಾನವನ್ನುಂಟುಮಾಡಿ ಅಪರಾಧವನ್ನು ಹೆಚ್ಚಿಸಿತೆಂದೂ ಠರಾವು ಮಾಡಿತು. ಸ್ವತಂತ್ರ ಭಾರತದ ಪ್ರಜಾಪ್ರಭುತ್ವವು ಇನ್ನೂ ತೊಟ್ಟಿಲಲ್ಲಿದ್ದಾಗ ಹಾಕಿಕೊಂಡ ಈ ಮೇಲ್ಪಂಕ್ತಿಯು ವ್ಯರ್ಥವಾಗಲಿಲ್ಲ. ಪ್ರಶ್ನೆ ಕೇಳುವುದಕ್ಕೆ ಹಣ ಪಡೆದರೆಂಬ ಆರೋಪದ ಮೇಲೆ 2005ರ ಡಿಸೆಂಬರ್ 23ರಂದು ಲೋಕಸಭೆಯ ಹತ್ತು ಮಂದಿಯನ್ನೂ ರಾಜ್ಯಸಭೆಯ ಒಬ್ಬರನ್ನೂ ಹೊರಹಾಕಲಾಯಿತು. ಸಭೆಗಳಿಗೆ ಆ ಅಧಿಕಾರವುಂಟೆಂದು ಸುಪ್ರೀಂ ಕೋರ್ಟು 2007ರ ಜನವರಿಯಲ್ಲಿ ಎತ್ತಿಹಿಡಿಯಿತು.

ಆಲ್ಬನಿಯಲ್ಲಿಯೂ ದಿಲ್ಲಿಯಲ್ಲಿಯೂ ಆರೋಪಕ್ಕೊಳಗಾದವರು ಬಹುಮತ ಪಕ್ಷದವರೇ ಆಗಿದ್ದರೆಂಬುದು ಗಮನಾರ್ಹ. ಎದುರುಪಕ್ಷದವನ ತಪ್ಪನ್ನು ತೂಗುವ ತಕ್ಕಡಿ ಎಲ್ಲ ಸಭೆಗಳಲ್ಲಿಯೂ ಸಿದ್ಧವಾಗಿರುತ್ತದೆ; ತನ್ನವನ ತಪ್ಪಿಗೆ ಅದೇ ತಕ್ಕಡಿಯನ್ನು ಹಿಡಿಯುವಾಗಲೇ ಕೈ ನಡುಗುವುದು. ಆ ನಡುಕವನ್ನು ತಪ್ಪಿಸಿಕೊಳ್ಳಲು ರಾಜೀನಾಮೆಗಿಂತ ಸುಲಭವಾದ ಉಪಾಯವಿಲ್ಲ. ಕೊಡುವವನಿಗೂ ಅನುಕೂಲ, ತೆಗೆದುಕೊಳ್ಳುವವರಿಗೂ ಅನುಕೂಲ. ಕೆಲವು ದಿನ ಕಳೆದರೆ ಆರೋಪವೂ ಹಳತಾಗುವುದು. ಅದೇ ಮನುಷ್ಯನು ಮತ್ತೆ ಮತ ಕೇಳುತ್ತ ಮನೆಬಾಗಿಲಿಗೆ ಬಂದರೂ ಬರಬಹುದು. ನಿಜವಾಗಿ ನಿರ್ದೋಷಿಯಾದವನಿಗೂ ಇದರಿಂದ ಅನ್ಯಾಯವೇ; ತನ್ನ ನಿರ್ದೋಷವು ಸ್ಥಾಪಿತವಾಗುವ ಅವಕಾಶವನ್ನು ಅವನು ಕಳೆದುಕೊಳ್ಳುವನು. ವಿಚಾರಣೆಯು ತುದಿಮುಟ್ಟಿದರೆ ಮಾತ್ರ ದೋಷಿಯು ದೋಷಿಯೆಂದೂ ಶುದ್ಧನು ಶುದ್ಧನೆಂದೂ ತಿಳಿಯುವುದು.

ಹಿಂದಿನ ಕಾಲದ ಶ್ಯಾನುಭೋಗನು ರೈತನ ರಾಜೀನಾಮೆಯನ್ನು ಕೈಗೆ ತೆಗೆದುಕೊಂಡಾಗ ಮೊದಲು ಬಿಚ್ಚುತ್ತಿದ್ದುದು ಬಾಕಿಯ ಲೆಕ್ಕವನ್ನು. ಬಡ ರೈತನ ಎರಡು ಎಕರೆ ಹೊಲಕ್ಕೆ ಸಲ್ಲುತ್ತಿದ್ದ ಆ ನಿಯಮವು ಪ್ರಜೆಗಳ ಹೆಸರಿನಲ್ಲಿ ಅಧಿಕಾರ ನಡೆಸಿದವರಿಗೂ ಸಲ್ಲತಕ್ಕದ್ದೆಂದು 1910ರಲ್ಲಿ ಆ 40 ಮಂದಿ ಹೇಳಿದರು. 1951ರಲ್ಲಿ ಭಾರತದ ಪಾರ್ಲಿಮೆಂಟು ಹೇಳಿತು. ಆ ಲೆಕ್ಕವನ್ನು ಬಿಚ್ಚಿ ನೋಡುವುದು ಮುಂದಿನ ಎಲ್ಲ ಸಭೆಗಳ ಕರ್ತವ್ಯ. ಬಿಚ್ಚಿರೆಂದು ಕೇಳುವುದು ಮತ ಕೊಟ್ಟವರ ಹಕ್ಕು.