ತೊದಲು, ಉಗ್ಗು: ಮಾತಿನ ತೊಡಕಿನ ಪದಗಳ ಚರಿತ್ರೆ

ತೊದಲು ಎಂಬುದು ಮಾತಿನ ತೊಡಕನ್ನು ಹೇಳುವ ಕನ್ನಡದ ಹಳೆಯ ಪದ. ಹಿಂದಿನ ಕೃತಿಗಳಲ್ಲಿ ತೊದಳು ಎಂಬ ರೂಪವೂ ಸಿಗುತ್ತದೆ. ಅದರ ಅರ್ಥದ ಹರವು ದೊಡ್ಡದು. ಹಾಲುಹಲ್ಲಿನ ಮಗುವಿನ ಮಾತು ತೊದಲು, ಕುಡಿದವನ ಮಾತು ತೊದಲು, ಹೆದರಿದವನ ಉತ್ತರ ತೊದಲು, ಒಂದೇ ಅಕ್ಷರದ ಮೇಲೆ ನಿಂತುಬಿಡುವವರ ಮಾತೂ ತೊದಲು. ಮಗುವಿನದಾದರೆ ಅದು ತೊದಲ್ನುಡಿ, ಮುದ್ದಿನ ಮಾತು. ದೊಡ್ಡವರಾದ ಮೇಲೆ ಅದೇ ಪದ ಅಡ್ಡಹೆಸರಾಗಿ ಅಂಟಿಕೊಳ್ಳುತ್ತದೆ.

ಒಂದೇ ಪದದಡಿ ಸೇರಿಕೊಂಡ ಈ ತೊಡಕುಗಳ ವ್ಯತ್ಯಾಸ ಹಾವೇರಿ ಸೀಮೆಯ ಮೂರು ಊರ ಹೆಸರುಗಳಲ್ಲೇ ಗೊತ್ತಾಗುತ್ತದೆ. ರೊಟ್ಟಿಗೆ 'ಲೊಟ್ಟಿ' ಎನ್ನುವ ಮಗು ರಾಣೆಬೆನ್ನೂರನ್ನು 'ಲಾಣೆಬೆನ್ನೂಲು' ಮಾಡುತ್ತದೆ. ಇಲ್ಲಿ ಅಕ್ಷರ ಬದಲಾಗಿದೆ, ಓಟ ನಿಂತಿಲ್ಲ. ಇದಕ್ಕೆ ಊರಿನವರು 'ನಾಲಿಗಿ ಹೊಳ್ಳವಲ್ದು' ಎನ್ನುತ್ತಾರೆ. ಬಸ್ಸಿನಲ್ಲಿ ಟಿಕೇಟು ಕೇಳುವಾಗ 'ಬ್-ಬ್-ಬ್' ಎಂದು ತುಟಿ ಬಿಗಿದು, ಕಂಡಕ್ಟರ್ ಮುಂದೆ ಬ್ಯಾಡಗಿ ಎಂಬ ಹೆಸರು ಹೊರಡದೆ ನಿಲ್ಲುವುದು ಬೇರೆಯೇ ಸಂಗತಿ. ಅಲ್ಲಿ ಅಕ್ಷರ ಗೊತ್ತು, ನಾಲಿಗೆಯೂ ಹೊರಳುತ್ತದೆ, ಮಾತಿನ ಓಟ ಮಾತ್ರ ಕಟ್ಟುತ್ತದೆ. ಇಂಥವರು ಕಷ್ಟದ ಪದವನ್ನು ಬಿಟ್ಟು ಸುಲಭದ ಪದ ಹುಡುಕುವುದುಂಟು. ಆದರೆ ಊರಿನ ಹೆಸರಿಗೆ ಬದಲಿ ಪದ ಎಲ್ಲಿಂದ ತರುವುದು? ಇನ್ನು ಹಾವೇರಿಯನ್ನು ಅವಸರದಲ್ಲಿ 'ಹಾರಿ' ಎಂದು ನುಂಗುವುದು ಮೂರನೆಯ ಬಗೆ. ಅದಕ್ಕೆ ಗಡಬಡಿ ಮಾತು ಎಂಬ ಹೆಸರೇ ಸಾಕಾಗಿದೆ.

ಜರ್ಮನ್ ಭಾಷೆ ಈ ಮೂರಕ್ಕೂ ಬೇರೆ ಬೇರೆ ಹೆಸರಿಟ್ಟಿದೆ. ಅಕ್ಷರ ತಪ್ಪುವುದು ಷ್ಟಾಮೆಲ್ನ್, ಓಟ ಕಟ್ಟುವುದು ಷ್ಟಾಟರ್ನ್, ನುಂಗಿ ಓಡುವುದು ಪೋಲ್ಟರ್ನ್. ವೈದ್ಯ ಅಡಾಲ್ಫ್ ಕುಸ್ಮೌಲ್ 1877ರಲ್ಲಿ ಪ್ರಕಟಿಸಿದ ವಾಗ್ದೋಷಗಳ ಗ್ರಂಥ ಮೊದಲೆರಡರ ನಡುವಿನ ಗೆರೆಯನ್ನು ಗಟ್ಟಿ ಮಾಡಿತು. ಷ್ಟಾಟರ್ನ್ ಪದದ ಬೇರು ಗುದ್ದು, ತಳ್ಳು ಎಂಬರ್ಥದ್ದು. ಇಂಗ್ಲಿಷಿನ ಸ್ಟಟರ್ ಅದರ ಬಳಗದ್ದೇ. ಸ್ಟ್ಯಾಮರ್ ಮಾತ್ರ ಮೂಕ ಎಂಬರ್ಥದ ಜರ್ಮನ್ ಪದ ಷ್ಟುಮ್‌ನ ನಂಟಿನದು. ಹುಟ್ಟು ಬೇರೆಯಾದರೂ ಇಂಗ್ಲಿಷಿನಲ್ಲಿ ಇವೆರಡೂ ಇಂದು ಒಂದೇ ತೊಡಕಿನ ಹೆಸರು: ಬ್ರಿಟನ್ನಿನಲ್ಲಿ ಸ್ಟ್ಯಾಮರ್, ಅಮೆರಿಕದಲ್ಲಿ ಸ್ಟಟರ್.

ಈ ಎರಡು ಭಾಷೆಗಳು ಕನ್ನಡದ ಜೊತೆ ಕೂಡಿದ್ದು ನಿಘಂಟುಕಾರ ಫರ್ಡಿನಾಂಡ್ ಕಿಟ್ಟೆಲ್ ಅವರ ಮೇಜಿನ ಮೇಲೆ. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಭಾರತಕ್ಕೆ ಬಂದ ಅವರು ಕೆಲಸ ಮಾಡಿದ ಕಡೆಗಳಲ್ಲಿ ಧಾರವಾಡವೂ ಒಂದು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಆಗ ಆ ಜಿಲ್ಲೆಯೊಳಗೇ ಇದ್ದವು; ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ತಾಯ್ನುಡಿ ಜರ್ಮನ್, ವಿವರಿಸಬೇಕಾದ ನುಡಿ ಕನ್ನಡ, ಅರ್ಥ ಬರೆಯಬೇಕಾದ್ದು ಇಂಗ್ಲಿಷಿನಲ್ಲಿ. ತೊದಲಿನಂಥ ಅಗಲವಾದ ಪದಕ್ಕೆ ಒಂದೇ ಇಂಗ್ಲಿಷ್ ಪದ ಸಮವಾಗುವುದಿಲ್ಲ ಎಂಬುದು ಇಂಥ ಕೆಲಸದಲ್ಲಿ ಬೇಗ ತಿಳಿಯುವ ಪಾಠ.

ಸಂಸ್ಕೃತ ವೈದ್ಯದ ಪದಗಳು ಕನ್ನಡದಲ್ಲಿ ಬೇರೆ ದಾರಿ ಹಿಡಿದವು. ಸುಶ್ರುತ ಸಂಹಿತೆಯ ವಾತವ್ಯಾಧಿ ಪ್ರಕರಣ ಮೂಕ, ಮಿನ್ಮಿನ, ಗದ್ಗದ ಎಂದು ಮೂರು ದೋಷಗಳನ್ನು ಹೆಸರಿಸುತ್ತದೆ. ಮೂಕ ಕನ್ನಡದಲ್ಲಿ ಮೂಗನಾದ. ಮಿನ್ಮಿನ ಬಳಕೆಗೆ ಬರಲಿಲ್ಲ, ಜನ 'ಮೂಗಿನಲ್ಲಿ ಮಾತಾಡುತ್ತಾನೆ' ಎಂದುಕೊಂಡರು. ಗದ್ಗದ ರೋಗದ ಹೆಸರಾಗಿ ಉಳಿಯದೆ ಅಳು ತುಂಬಿದ ಕಂಠಕ್ಕೆ ಮೀಸಲಾಯಿತು. ಮನೆಮದ್ದಿನಲ್ಲಿ ಮಾತ್ರ ಹಳೆಯ ನಂಟು ಕಾಣುತ್ತದೆ. ಮಾತು ತಡವಾದ ಮಗುವಿಗೆ ಬಜೆಬೇರನ್ನು ಸಾಣೆಕಲ್ಲಿನ ಮೇಲೆ ತೇಯ್ದು, ಬೆರಳ ತುದಿಯಲ್ಲಿ ನಾಲಿಗೆಗೆ ಸವರುವ ರೂಢಿ ನಾಡಿನ ಹಲವೆಡೆ ಇದೆ. ಬಜೆಯ ಸಂಸ್ಕೃತ ಹೆಸರು ವಚಾ. ಮಾತು ಎಂಬರ್ಥದ ಧಾತು ಅದರೊಳಗೇ ಕೇಳಿಸುತ್ತದೆ. ದೋಷ ನಾಲಿಗೆಯಲ್ಲಿದೆ ಎಂಬ ನಂಬಿಕೆ ಇಲ್ಲಿಯದಷ್ಟೇ ಅಲ್ಲ. 1841ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯ ಡೀಫೆನ್‌ಬಾಖ್ ಓಟ ಕಟ್ಟುವ ತೊಡಕಿಗೆ ನಾಲಿಗೆಯ ಬುಡವನ್ನೇ ಕೊಯ್ದರು. ಬಜೆ ತೇಯ್ದವರು ಅದಕ್ಕಿಂತ ಮೃದುವಾಗಿದ್ದರು ಎನ್ನಬೇಕು.

ಓಟ ಕಟ್ಟುವ ತೊಡಕಿಗೆ ತನ್ನದೇ ಹೆಸರು ಬೇಕೆಂಬ ಅಗತ್ಯ ಕನ್ನಡಕ್ಕೆ ಚಿಕಿತ್ಸಾಲಯಗಳ ಕಾಲದಲ್ಲಿ ಹೆಚ್ಚಾಯಿತು. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಸಂಸ್ಥೆ ಮುಂದೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಎಂದು ಹೆಸರಾಯಿತು. ತೊದಲುವಿಕೆಯ ಜೊತೆಗೆ ಉಗ್ಗುವಿಕೆ ಎಂಬ ಪದ ತಜ್ಞರ ಬರಹದಲ್ಲಿ ನೆಲೆಯೂರಿತು. ಉಗ್ಗು ಹೊಸದಲ್ಲ, ಇದೇ ಅರ್ಥದಲ್ಲಿ ಹಿಂದಿನಿಂದಲೂ ಬಂದ ಪದ. ಆದರೆ ಉತ್ತರ ಕರ್ನಾಟಕದ ಕಿವಿಗೆ ಅದು ಎರಡು ಬಗೆಯಾಗಿ ಕೇಳುತ್ತದೆ: ಅಲ್ಲಿ ನೀರನ್ನು ಎರಚುವುದೂ ಉಗ್ಗುವುದೇ.

ಓಟ ಕಟ್ಟುವ ಈ ತೊಡಕು ಸಾಮಾನ್ಯವಾಗಿ 2ರಿಂದ 5ರ ವಯಸ್ಸಿನ ನಡುವೆ ಕಾಣಿಸಿಕೊಳ್ಳುತ್ತದೆ. ಸುಮಾರು ನೂರಕ್ಕೆ 5 ಮಕ್ಕಳಲ್ಲಿ ಕಂಡು, ಹೆಚ್ಚಿನವರಲ್ಲಿ ತಾನೇ ಹೋಗಿ, ದೊಡ್ಡವರಲ್ಲಿ ನೂರಕ್ಕೆ ಒಬ್ಬರಷ್ಟು ಉಳಿಯುತ್ತದೆ. ಉಳಿದವರಲ್ಲಿ ಗಂಡಸರೇ ಹೆಚ್ಚು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ವಾಕ್ ಮತ್ತು ಭಾಷಾ ವೈಕಲ್ಯವೂ ಸೇರಿದೆ. ಆ ಬಳಿಕ ಕಾಗದದಲ್ಲಿ ತೊದಲ, ಉಗ್ಗ ಎಂಬ ಕರೆಗಳಿಗೆ ಜಾಗವಿಲ್ಲ. ಮನೆಯವರ ಬಾಯಲ್ಲಿ ಅವು ಮೊದಲೂ ಅಷ್ಟಾಗಿ ಇರಲಿಲ್ಲ. ಅವರು ಹೇಳುವುದು ಇಷ್ಟೇ: 'ಅವಗ ಮಾತ ತಡೀತಾವ.'